ಸೇಂಟ್ ಆಂಡ್ರೂಸ್‌ನಲ್ಲಿ ಎಂ.ಎಸ್ಸಿ.: ಊರು ತುಂಬಾ ಚಿಕ್ಕದು ಅಂತಾರೆ, ಒಂದು ವರ್ಷ ಇರೋಕಾಗುತ್ತಾ?

ಲೆಕ್ಕದ ಹುಡುಗ

ಎಲ್ಲರಿಗೂ ನಮಸ್ಕಾರ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎಸ್ಸಿ.ಗೆ ನನಗೆ ಸೀಟು ಸಿಕ್ಕಿದೆ. ಒಂದು ವರ್ಷದ ಕೋರ್ಸು, ಸೆಪ್ಟೆಂಬರಿನಲ್ಲಿ ಶುರು. ಇಂಗ್ಲೆಂಡಿನ ಒಂದು ದೊಡ್ಡ ನಗರದಲ್ಲೂ ಇಂಥದ್ದೇ ಕೋರ್ಸಿಗೆ ಸೀಟಿದೆ. ಇನ್ನು ಮೂರು ವಾರದೊಳಗೆ ಯಾವುದು ಅಂತ ತೀರ್ಮಾನ ಮಾಡಿ ಮುಂಗಡ ಕಟ್ಟಬೇಕು.

ನಮ್ಮ ಮೇಷ್ಟ್ರು ಸೇಂಟ್ ಆಂಡ್ರೂಸ್‌ಗೇ ಹೋಗು ಅನ್ನುತ್ತಾರೆ. 1413ರ ವಿಶ್ವವಿದ್ಯಾಲಯ, ಸ್ಕಾಟ್ಲೆಂಡಿನಲ್ಲೇ ಎಲ್ಲಕ್ಕಿಂತ ಹಳೆಯದು, ಲಾಗರಿದಮ್ ಕಂಡುಹಿಡಿದ ನೇಪಿಯರ್ ಹುಡುಗನಾಗಿದ್ದಾಗ ಸೇರಿದ ಜಾಗ ಅಂತ ಅವರಿಗೆ ಅದರ ಮೇಲೆ ಬಹಳ ಪ್ರೀತಿ. ಆದರೆ ಪರಿಚಯದವರೊಬ್ಬರು "ಮೂರು ಬೀದಿ, ಮುಂದೆ ಸಮುದ್ರ, ಅಷ್ಟೇ ಊರು. ಡಿಸೆಂಬರಿನಲ್ಲಿ ಮಧ್ಯಾಹ್ನವೇ ಕತ್ತಲೆ. ಹುಚ್ಚು ಹಿಡಿಯುತ್ತದೆ" ಅಂದರು. ಆವತ್ತಿನಿಂದ ಮನಸ್ಸು ಅಲ್ಲಾಡುತ್ತಿದೆ.

ನಾನು ಜಾಸ್ತಿ ಮಾತಾಡುವವನಲ್ಲ. ಮನೆ ಬಿಟ್ಟು ಇದೇ ಮೊದಲು ಹೋಗುತ್ತಿರುವುದು. ಸಾಲ ಮಾಡಿ ಹೋಗುವುದರಿಂದ ದುಡ್ಡಿನ ಲೆಕ್ಕವೂ ನೋಡಬೇಕು. ಕೆಂಪು ಗೌನು, ನೊರೆ ಎರಚಾಟ, ಬೆಳಗಿನ ಜಾವ ಸಮುದ್ರಕ್ಕೆ ಹಾರುವುದು ಅಂತೆಲ್ಲ ಆಚರಣೆಗಳಿವೆ ಅಂತ ಓದಿದೆ. ಅದರಲ್ಲೆಲ್ಲ ಸೇರದಿದ್ದರೆ ಒಂಟಿಯಾಗುತ್ತೇನಾ? ಅಲ್ಲಿ ಇದ್ದು ಬಂದವರು ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ.

ಕಡಲ ಗಾಳಿ

ನಾನು ಅದೇ ವಿಭಾಗದಲ್ಲಿ ಎಂ.ಎಸ್ಸಿ. ಮಾಡಿದವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ಸೇಂಟ್ ಆಂಡ್ರೂಸ್‌ಗೆ ರೈಲಿಲ್ಲ. ಇದ್ದ ಮಾರ್ಗವನ್ನು 1969ರಲ್ಲಿ ಮುಚ್ಚಿಬಿಟ್ಟರು. ಎಡಿನ್‌ಬರೋದಿಂದ ಸುಮಾರು ಒಂದು ಗಂಟೆ ರೈಲಿನಲ್ಲಿ ಬಂದು ಲೂಕರ್ಸ್ ಅನ್ನೋ ಸಣ್ಣ ಸ್ಟೇಷನ್ನಿನಲ್ಲಿ ಇಳಿಯಬೇಕು. ಅಲ್ಲಿಂದ 99 ನಂಬರ್ ಬಸ್ಸು. ಹೊಲ ಬರುತ್ತದೆ, ಗಾಲ್ಫ್ ಮೈದಾನ ಬರುತ್ತದೆ, ತಟ್ಟನೆ ಊರು ಬಂದುಬಿಡುತ್ತದೆ. ನಾನು ಇಳಿದ ದಿನ ಸಂಜೆ ಸಾಮಾನು ಇಟ್ಟು ಸುತ್ತಾಡಲು ಹೊರಟೆ. ನಾರ್ತ್ ಸ್ಟ್ರೀಟ್, ಮಾರ್ಕೆಟ್ ಸ್ಟ್ರೀಟ್, ಸೌತ್ ಸ್ಟ್ರೀಟ್. ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ, ಮೂರೇ ಬೀದಿ. ಹಿಂದೆ ಯಾತ್ರೆಗೆ ಬರುವವರು ನಡೆದು ಹೋಗುತ್ತಿದ್ದ ಬೀದಿಗಳು ಅವು. ಎಲ್ಲವೂ ಪೂರ್ವಕ್ಕೆ, ಮುರಿದು ನಿಂತ ಕೆಥೆಡ್ರಲ್ ಕಡೆಗೆ ಕರೆದೊಯ್ಯುತ್ತವೆ. ಇಪ್ಪತ್ತು ನಿಮಿಷದಲ್ಲಿ ಆ ಕಡೆಯ ಗೋಡೆ ಮುಟ್ಟಿದೆ. ಅದರಾಚೆ ಬರೀ ನೀರು. ಅಮ್ಮನಿಗೆ ಫೋನ್ ಮಾಡಿ "ಊರು ಮುಗಿದೇ ಹೋಯ್ತಮ್ಮ" ಅಂದೆ. ಗಂಟಲು ಕಟ್ಟಿತ್ತು.

ಆ ಭಯ ನವೆಂಬರ್ ಹೊತ್ತಿಗೆ ಹೋಗಿತ್ತು. ಹೇಗೆ ಹೋಯಿತು ಅನ್ನೋದನ್ನು ಹೇಳಿದರೆ ನಿಮ್ಮ ಪ್ರಶ್ನೆಗೆ ಉತ್ತರ ಹೇಳಿದ ಹಾಗೆ.

ಆ ಊರಿನಲ್ಲಿ ವಿಶ್ವವಿದ್ಯಾಲಯಕ್ಕೆ ಬೇರೆ ಆವರಣ ಅಂತ ಇಲ್ಲ. ಊರೇ ಆವರಣ. ಸುಮಾರು 18,000 ಜನರ ಊರಿನಲ್ಲಿ 10,000ದಷ್ಟು ವಿದ್ಯಾರ್ಥಿಗಳು. ಬ್ರೆಡ್ ಅಂಗಡಿಯ ಪಕ್ಕದ ಬಾಗಿಲು ತೆಗೆದರೆ ಯಾವುದೋ ವಿಭಾಗ, ಅದರ ಪಕ್ಕ ಕ್ಷೌರದ ಅಂಗಡಿ. ನಮ್ಮ ಗಣಿತ ವಿಭಾಗ ಮಾತ್ರ ನಾರ್ತ್ ಹಾಖ್ (North Haugh) ಅನ್ನೋ ಕಡೆ, ಊರಿನ ಪಶ್ಚಿಮ ತುದಿಯಲ್ಲಿ, ಹೊಸ ಕಟ್ಟಡಗಳ ನಡುವೆ ಇದೆ. ಊರೊಳಗಿಂದ ಹತ್ತು ನಿಮಿಷದ ನಡಿಗೆ. ಹೀಗಿರುವಾಗ ಯಾರಿಂದಲೂ ತಪ್ಪಿಸಿಕೊಳ್ಳೋಕೆ ಆಗುವುದಿಲ್ಲ. ಇದು ಮೊದಮೊದಲು ಇರುಸುಮುರುಸು, ಆಮೇಲೆ ವರ.

ಒಂದು ಉದಾಹರಣೆ. ಅಕ್ಟೋಬರಿನಲ್ಲಿ ಒಂದು ಲೆಮ್ಮಾ (ದೊಡ್ಡ ಪ್ರಮೇಯ ಸಾಧಿಸಲು ಬೇಕಾದ ಸಣ್ಣ ಪ್ರಮೇಯ) ಹತ್ತಿರ ನಾಲ್ಕು ದಿನದಿಂದ ಸಿಕ್ಕಿಹಾಕಿಕೊಂಡಿದ್ದೆ. ಮೇಷ್ಟ್ರ ಕೋಣೆಗೆ ಹೋಗಿ ಕೇಳಲು ಸಂಕೋಚ. ನಾನೂ ನಿಮ್ಮ ಹಾಗೇ ಜಾಸ್ತಿ ಮಾತಾಡುವವಳಲ್ಲ. ಒಂದು ಸಂಜೆ ಮಳೆಗೆ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ನಿಂತಿದ್ದೆ. ಪಾಠ ಮಾಡುವ ಮೇಷ್ಟ್ರೇ ಹಾಲಿನ ಡಬ್ಬ ಹಿಡಿದು ಒಳಗೆ ಬಂದರು. "ಹೇಗೆ ನಡೀತಿದೆ?" ಅಂದರು. ಸುಮ್ನೆ "ಚೆನ್ನಾಗಿದೆ" ಅನ್ನಬಹುದಿತ್ತು. ಅವತ್ತು ಏನಾಯಿತೋ, ಸಿಕ್ಕಿಕೊಂಡಿದ್ದೇನೆ ಅಂದುಬಿಟ್ಟೆ. ಅವರು ಹಾಲನ್ನು ಬೆಂಚಿನ ಮೇಲಿಟ್ಟು, ಉಸಿರಿಗೆ ಮಂಜಾಗಿದ್ದ ಗಾಜಿನ ಮೇಲೆ ಬೆರಳಿನಿಂದ ಎರಡು ವೃತ್ತ ಬರೆದರು. ಎರಡೂ ಮುಟ್ಟುವ ಜಾಗದಲ್ಲಿ ಒಂದು ಚುಕ್ಕಿ ಇಟ್ಟು "ಇಲ್ಲಿ ನಿನ್ನ ಊಹೆ ನಿಲ್ಲುತ್ತಾ ನೋಡು" ಅಂದರು. ನಿಲ್ಲುತ್ತಿರಲಿಲ್ಲ. ನಾಲ್ಕು ದಿನ ನಾನು ಸಾಧಿಸಲು ಹೊರಟಿದ್ದೇ ತಪ್ಪು. ಬಸ್ಸು ಬರುವ ಹೊತ್ತಿಗೆ ವೃತ್ತಗಳು ಕರಗಿ ನೀರಾಗಿ ಇಳಿಯುತ್ತಿದ್ದವು. ದೊಡ್ಡ ನಗರದಲ್ಲೂ ಒಳ್ಳೆ ಮೇಷ್ಟ್ರು ಇರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಮಳೆಯಲ್ಲಿ ಅದೇ ಗೂಡಿಗೆ ಬಂದು ನಿಲ್ಲುತ್ತಾರಾ?

ಇನ್ನು ಆಚರಣೆಗಳು. ಯಾವುದೂ ಕಡ್ಡಾಯ ಅಲ್ಲ. ಹೆಚ್ಚಿನವು ಡಿಗ್ರಿ ಓದುವ ಹುಡುಗರದ್ದು. ಮೂರನೇ ವರ್ಷದವರು ಮೊದಲ ವರ್ಷದವರನ್ನು 'ಮಕ್ಕಳು' ಅಂತ ಮಾಡಿಕೊಳ್ಳುತ್ತಾರೆ. ಅಪ್ಪ, ಅಮ್ಮ, ಅಣ್ಣ, ತಂಗಿ ಎಲ್ಲ ಸೇರಿ ಒಂದು ಕುಟುಂಬ. ಹಿಂದೆ ಮಕ್ಕಳು ಅಪ್ಪ-ಅಮ್ಮನಿಗೆ ಒಂದು ಪೌಂಡು ಒಣದ್ರಾಕ್ಷಿ ಕೊಡುತ್ತಿದ್ದರಂತೆ. ಅದಕ್ಕೇ ಅಕ್ಟೋಬರಿನ ಆ ವಾರಾಂತ್ಯಕ್ಕೆ ರೇಸಿನ್ ವೀಕೆಂಡ್ ಅಂತ ಹೆಸರು. ಸೋಮವಾರ ಬೆಳಿಗ್ಗೆ ನೂರಾರು ಮಕ್ಕಳು ವೇಷ ಹಾಕಿಕೊಂಡು ಬಂದು ನೊರೆ ಎರಚಾಡುತ್ತಾರೆ. ನಾನು ಬದಿಯಲ್ಲಿ ನಿಂತು ನೋಡಿದೆ, ನೋಡೋಕೇ ಖುಷಿ. ಕೆಂಪು ಗೌನು ಕೂಡ ಡಿಗ್ರಿಯವರಿಗೆ. ನಮ್ಮಂಥವರಿಗೆ ಕಪ್ಪು ಗೌನು.

ಒಂದು ಆಚರಣೆ ಮಾತ್ರ ನಾನು ವರ್ಷಪೂರ್ತಿ ಪಾಲಿಸಿದೆ. ನಾರ್ತ್ ಸ್ಟ್ರೀಟಿನಲ್ಲಿ ಸೇಂಟ್ ಸಾಲ್ವೇಟರ್ಸ್ ಚಾಪೆಲ್‌ನ ಗೋಪುರದ ಕೆಳಗೆ, ಬಾಗಿಲಿನ ಎದುರು, ನೆಲದ ಕಲ್ಲುಗಳ ನಡುವೆ ಪಿ.ಎಚ್. ಅಂತ ಎರಡು ಅಕ್ಷರ ಕೂರಿಸಿದ್ದಾರೆ. ತುಳಿದರೆ ಪರೀಕ್ಷೆಯಲ್ಲಿ ಫೇಲು ಅನ್ನುತ್ತಾರೆ. ತುಳಿದವರಿಗೆ ಪರಿಹಾರ, ಮೇ 1ರ ಬೆಳಗಿನ ಜಾವ ಸಮುದ್ರದಲ್ಲಿ ಮುಳುಗು. ನನಗೆ ಫೇಲಾಗುವ ನಂಬಿಕೆ ಏನೂ ಇರಲಿಲ್ಲ. ಆದರೆ ಪಿ.ಎಚ್. ಅಂದರೆ ಪ್ಯಾಟ್ರಿಕ್ ಹ್ಯಾಮಿಲ್ಟನ್. ಇಪ್ಪತ್ತರ ಹರೆಯದ ಹುಡುಗ. ಚರ್ಚು ಹೇಳಿದ್ದನ್ನು ಒಪ್ಪಲಿಲ್ಲ ಅಂತ 1528ರ ಫೆಬ್ರವರಿಯಲ್ಲಿ ಅದೇ ಜಾಗದಲ್ಲಿ ಜೀವಂತ ಸುಟ್ಟರು. ಬೆಂಕಿ ಸರಿಯಾಗಿ ಹತ್ತದೆ ಗಂಟೆಗಟ್ಟಲೆ ನರಳಿದ ಅಂತ ಬರೆದಿಟ್ಟಿದ್ದಾರೆ. ಅದು ಗೊತ್ತಾದ ಮೇಲೆ ನನ್ನ ಕಾಲು ತಾನಾಗಿ ಪಕ್ಕಕ್ಕೆ ಹೋಗುತ್ತಿತ್ತು. ಫೋನ್ ನೋಡುತ್ತ ಬರುವ ಹುಡುಗರೂ ಅಲ್ಲಿಗೆ ಬಂದಾಗ ತಲೆ ಎತ್ತದೆಯೇ ಸುತ್ತಿ ಹೋಗುತ್ತಾರೆ.

ಈಗ ನಿಮಗಾಗಿಯೇ ಒಂದು ವಿಷಯ. ನೀವು ಗಣಿತದವರು, ಅಲ್ವಾ? ಸೌತ್ ಸ್ಟ್ರೀಟಿನ ಫುಟ್‌ಪಾತಿನಲ್ಲಿ, ಕಿಂಗ್ ಜೇಮ್ಸ್ ಲೈಬ್ರರಿ ಇರುವ ಕಡೆ, ಲೋಹದ ಒಂದು ಗೆರೆ ಇದೆ. ಒಂದು ತಿಂಗಳು ಅದರ ಮೇಲೇ ನಡೆದಿದ್ದೆ, ಏನೋ ಚರಂಡಿಯ ಅಂಚು ಅಂದುಕೊಂಡು. ಒಂದು ದಿನ ಶೂ ಲೇಸು ಕಟ್ಟಲು ಬಗ್ಗಿದಾಗ ಗೋಡೆಯ ಫಲಕ ಕಂಡಿತು. ಜೇಮ್ಸ್ ಗ್ರೆಗರಿಯ ರೇಖಾಂಶದ ಗೆರೆ. ಗ್ರೆಗರಿ 1668ರಲ್ಲಿ ಇಲ್ಲಿಗೆ ಗಣಿತದ ಪ್ರೊಫೆಸರ್ ಆಗಿ ಬಂದವನು. ಮೇಲಿನ ಆ ಉದ್ದ ಕೋಣೆಯಲ್ಲಿ ಗಡಿಯಾರ, ದೂರದರ್ಶಕ ಇಟ್ಟುಕೊಂಡು ಉತ್ತರ-ದಕ್ಷಿಣದ ಗೆರೆ ಎಳೆದ. ಜಗತ್ತು ಗ್ರೀನಿಚ್ ಗೆರೆಯನ್ನು ಒಪ್ಪಿದ್ದು 1884ರಲ್ಲಿ, ಅದಕ್ಕಿಂತ ಇನ್ನೂರು ವರ್ಷ ಹಿಂದಿನ ಮಾತು ಇದು. ಅದೇ ಗ್ರೆಗರಿ ಒಂದು ಕತ್ತಲೆ ಕೋಣೆಯ ಸಣ್ಣ ತೂತಿನ ಹತ್ತಿರ ಹಕ್ಕಿಯ ಬಿಳಿ ಗರಿ ಇಟ್ಟು, ಅದರ ಮೂಲಕ ಬಿಸಿಲು ಬಣ್ಣಬಣ್ಣವಾಗಿ ಒಡೆಯುವುದನ್ನು ನೋಡಿದ. ಆ ಊರಿನ ತುಂಬ ಕಡಲಕ್ಕಿಗಳು. ಬೆಳಿಗ್ಗೆ ಮೆಟ್ಟಿಲ ಮೇಲೆ ಬಿದ್ದ ಗರಿ ಕಂಡಾಗಲೆಲ್ಲ ಅವನ ನೆನಪು ಬರುತ್ತಿತ್ತು.

ನಾವು ಓದುವ ಗ್ರೆಗರಿ ಸರಣಿ ಅವನದ್ದೇ. ಒಂದು, ಕಳೆ ಮೂರನೇ ಒಂದು, ಕೂಡು ಐದನೇ ಒಂದು, ಕಳೆ ಏಳನೇ ಒಂದು... ಹೀಗೇ ಹೋದರೆ ಪೈನ ಕಾಲುಭಾಗ ಬರುತ್ತದಲ್ಲ, ಅದು ಹುಟ್ಟುವ ಸರಣಿ. 1671ರಲ್ಲಿ ಅವನು ಅದನ್ನು ಪತ್ರದಲ್ಲಿ ಬರೆದದ್ದು ಇದೇ ಊರಿನಲ್ಲಿದ್ದಾಗ. ಆದರೆ ಅದಕ್ಕೂ ಮೊದಲೇ ಕೇರಳದ ಮಾಧವನಿಗೆ ಅದು ಗೊತ್ತಿತ್ತು. ಮಾಧವನ ಕಾಲ ಅಂದಾಜು 1340ರಿಂದ 1425. ಅಂದರೆ ಈ ವಿಶ್ವವಿದ್ಯಾಲಯ ಶುರುವಾದಾಗ ಅವನು ಬದುಕಿದ್ದಿರಬೇಕು. ನಾನು ಆ ಗೆರೆಯ ಮೇಲೆ ನಿಂತು ಇದನ್ನು ಯೋಚಿಸಿ ಎಷ್ಟೋ ಹೊತ್ತು ಅಲುಗಾಡಲಿಲ್ಲ. ಅಲ್ಲಿಯವರೆಗೆ ನಾನು ಯಾರದ್ದೋ ಮನೆಗೆ ಬಂದ ನೆಂಟಳು ಅನ್ನಿಸುತ್ತಿತ್ತು. ಅವತ್ತಿನಿಂದ ಹಾಗನ್ನಿಸಲಿಲ್ಲ.

ಇದನ್ನು ಅಲ್ಲಿಯವರು ಮುಚ್ಚಿಡುವುದೂ ಇಲ್ಲ. ಗಣಿತದ ಇತಿಹಾಸಕ್ಕೆ ನಾವೆಲ್ಲ ನೋಡುವ ಮ್ಯಾಕ್‌ಟ್ಯೂಟರ್ ತಾಣ ಇದೆಯಲ್ಲ, ಅದನ್ನು ಕಟ್ಟಿದವರು ಇದೇ ವಿಭಾಗದ ಜಾನ್ ಓಕಾನರ್ ಮತ್ತು ಎಡ್ಮಂಡ್ ರಾಬರ್ಟ್‌ಸನ್. ಅಲ್ಲಿ ಮಾಧವನೂ ಇದ್ದಾನೆ, ಅಮೋಘವರ್ಷನ ಕಾಲದ ನಮ್ಮ ಮಹಾವೀರಾಚಾರ್ಯನೂ ಇದ್ದಾನೆ.

ಓದಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಮೇ ತನಕ ಪಾಠ, ಪರೀಕ್ಷೆ. ಜೂನಿನಿಂದ ಆಗಸ್ಟ್ ತನಕ ಪ್ರಬಂಧ. ಅಂಕ 100ಕ್ಕಲ್ಲ, 20ಕ್ಕೆ. 7 ಬಂದರೆ ಪಾಸು, 16.5 ದಾಟಿದರೆ ಡಿಸ್ಟಿಂಕ್ಷನ್. ಮೊದಲ ಸಲ 14 ಬಂದಾಗ ಗಾಬರಿಯಾಗಬೇಡಿ, ಅದು ಒಳ್ಳೆ ಅಂಕ.

ನನ್ನ ಮಾತು ಕೇಳಿದರೆ ಹೋಗಿ ಅನ್ನುತ್ತೇನೆ. ಕೋಣೆ ವಿಷಯ ಮಾತ್ರ ಕಷ್ಟ. ಅದನ್ನು ತಿಳಿದವರು ಇಲ್ಲೇ ಇರಬಹುದು, ಅವರು ಹೇಳಲಿ.

ಸೇತುವೆ ಆಚೆ

ಕೋಣೆ ವಿಷಯ ನಾನು ಹೇಳುತ್ತೇನೆ. ನಾನು ಸೇಂಟ್ ಆಂಡ್ರೂಸ್‌ನಲ್ಲಿ ಓದುತ್ತ, ಟೇ ನದಿಯಾಚೆಯ ಡಂಡಿ ನಗರದಲ್ಲಿ ಇದ್ದವನು. ಅಲ್ಲಿ ಕೋಣೆ ಸಿಗಲಿಲ್ಲ ಅಂತಲೇ ಡಂಡಿಗೆ ಹೋದದ್ದು.

ಸ್ಕಾಟ್ಲೆಂಡಿನಲ್ಲಿ ಸಂಬಂಧ ಇಲ್ಲದ ಮೂರು ಅಥವಾ ಅದಕ್ಕಿಂತ ಜಾಸ್ತಿ ಜನ ಒಂದು ಮನೆ ಹಂಚಿಕೊಂಡರೆ ಆ ಮನೆಗೆ ಎಚ್.ಎಂ.ಒ. ಅನ್ನೋ ಲೈಸೆನ್ಸು ಬೇಕು. ಸೇಂಟ್ ಆಂಡ್ರೂಸ್‌ನಲ್ಲಿ ಅಂಥ ಮನೆಗಳು ಜಾಸ್ತಿಯಾಗದ ಹಾಗೆ ಕೌನ್ಸಿಲ್ (ಸ್ಥಳೀಯ ಆಡಳಿತ) ಕಡಿವಾಣ ಹಾಕಿದೆ. ಊರಿನವರಿಗೂ ಮನೆ ಬೇಕಲ್ಲ. ಗಾಲ್ಫ್ ನೋಡಲು, ಆಡಲು ಬರುವವರಿಗೂ ಬೇಕು. ಹೀಗಾಗಿ ಕೋಣೆ ಕಡಿಮೆ, ಬಾಡಿಗೆ ಜಾಸ್ತಿ. ಸೀಟು ಒಪ್ಪಿಕೊಂಡ ದಿನವೇ ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಅರ್ಜಿ ಹಾಕಿ. ಒಂದು ದಿನವೂ ತಡ ಮಾಡಬೇಡಿ. ಡೇವಿಡ್ ರಸೆಲ್ ಅಪಾರ್ಟ್‌ಮೆಂಟ್ಸ್ ದೂರ ಅಂತ ಕೆಲವರು ಬಿಡುತ್ತಾರೆ. ದೂರ ಅಂದರೆ ಪೇಟೆಗೆ ಅರ್ಧ ಗಂಟೆಯೊಳಗಿನ ನಡಿಗೆ, ಅಷ್ಟೇ. ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ.

ಹೊರಗೆ ಬಾಡಿಗೆಗೆ ಹೋದರೆ ಇಷ್ಟು ನೆನಪಿರಲಿ. ಮನೆ ಮಾಲೀಕ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ಕೇಳುವ ಹಾಗಿಲ್ಲ. ತಗೊಂಡ ದುಡ್ಡನ್ನು ತನ್ನ ಜೇಬಿನಲ್ಲಿ ಇಟ್ಟುಕೊಳ್ಳುವ ಹಾಗೂ ಇಲ್ಲ, 30 ಕೆಲಸದ ದಿನದೊಳಗೆ ಸರ್ಕಾರ ಒಪ್ಪಿದ ಡಿಪಾಸಿಟ್ ಸಂಸ್ಥೆಯಲ್ಲಿ ಇಡಬೇಕು. ಇದು ನನಗೆ ಅನುಭವದಿಂದ ಗೊತ್ತು. ನಾನು ಬಿಟ್ಟ ಮನೆಯ ಮಾಲೀಕರು ಕಿಟಕಿ ಪಕ್ಕದ ಗೋಡೆಗೆ ಬೂಷ್ಟು ಹಿಡಿದದ್ದು ನನ್ನಿಂದಲೇ ಅಂತ ಪೂರ್ತಿ ದುಡ್ಡು ಹಿಡಿಯಲು ನೋಡಿದರು. ಮನೆಗೆ ಬಂದ ದಿನವೇ ಆ ಗೋಡೆಯ ಫೋಟೋ ತೆಗೆದಿದ್ದೆ, ಬೂಷ್ಟು ಆಗಲೇ ಇತ್ತು. ಡಿಪಾಸಿಟ್ ಸಂಸ್ಥೆಗೆ ಆ ಫೋಟೋ ಕಳಿಸಿದೆ. ಒಂದು ಪೆನ್ನಿಯೂ ಖರ್ಚಿಲ್ಲದೆ ಅವರೇ ತೀರ್ಪು ಕೊಟ್ಟು ದುಡ್ಡು ವಾಪಸು ಕೊಡಿಸಿದರು. ಬೀಗದ ಕೈ ಸಿಕ್ಕ ಗಂಟೆಯಲ್ಲೇ ಎಲ್ಲ ಗೋಡೆ, ಒಲೆ, ಹಾಸಿಗೆ ಫೋಟೋ ತೆಗೆದಿಡಿ. ನೋಡದ ಕೋಣೆಗೆ ಇಲ್ಲಿಂದಲೇ ದುಡ್ಡು ಕಳಿಸಬೇಡಿ. ಮೋಸ ಹೋದವರನ್ನು ನೋಡಿದ್ದೇನೆ.

ಡಂಡಿಯಲ್ಲಿ ಬಾಡಿಗೆ ಕಡಿಮೆ. 99 ನಂಬರ್ ಬಸ್ಸು ಟೇ ನದಿಯ ಸೇತುವೆ ದಾಟಿ ಬರುತ್ತದೆ. 1966ರ ಸೇತುವೆ, ಎರಡು ಕಿಲೋಮೀಟರಿಗಿಂತ ಉದ್ದ. ನಿಮಗೆ 22 ತುಂಬಿಲ್ಲದಿದ್ದರೆ ಅಲ್ಲಿಗೆ ಹೋದ ಕೂಡಲೇ ಬಸ್ ಕಾರ್ಡಿಗೆ ಅರ್ಜಿ ಹಾಕಿ. ಸ್ಕಾಟ್ಲೆಂಡಿನಲ್ಲಿ ವಾಸ ಇರುವ 22ರೊಳಗಿನವರಿಗೆ 2022ರಿಂದ ಬಸ್ಸು ಉಚಿತ. ಪೂರ್ಣಾವಧಿ ವಿದ್ಯಾರ್ಥಿಗಳು ಕೌನ್ಸಿಲ್ ಟ್ಯಾಕ್ಸ್, ಅಂದರೆ ವಾಸದ ಮನೆಯ ಮೇಲಿನ ತೆರಿಗೆ, ಕಟ್ಟಬೇಕಿಲ್ಲ, ಅದಕ್ಕೂ ಒಂದು ಅರ್ಜಿ ಇದೆ.

ಉತ್ತರದ ಚಳಿ

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನಗೆ ಆ ವರ್ಷ ಸುಲಭ ಇರಲಿಲ್ಲ.

ಡಿಗ್ರಿಯವರು ನಾಲ್ಕು ವರ್ಷ ಇರುತ್ತಾರೆ. ಅವರ ಕುಟುಂಬ, ಅವರ ಗುಂಪು ಎಲ್ಲ ಆಗಲೇ ಕಟ್ಟಿ ಮುಗಿದಿರುತ್ತದೆ. ಒಂದು ವರ್ಷಕ್ಕೆ ಬಂದವರಿಗೆ ಅದರೊಳಗೆ ಜಾಗ ಸಿಗಲು ಹೊತ್ತು ಬೇಕು. ಸಿಗುವಷ್ಟರಲ್ಲಿ ಪ್ರಬಂಧದ ಕಾಲ. ಬೇಸಿಗೆ ರಜೆಯಲ್ಲಿ ಅವರೆಲ್ಲ ಊರಿಗೆ ಹೋಗುತ್ತಾರೆ, ನಾವು ಪ್ರಬಂಧ ಬರೆಯುತ್ತ ಉಳಿಯುತ್ತೇವೆ. ಆ ಮೂರು ತಿಂಗಳು ಬೀದಿ ತುಂಬ ಪ್ರವಾಸಿಗಳು, ಪರಿಚಯದ ಮುಖ ಒಂದೂ ಇಲ್ಲ.

ಕೆಲಸದ ವಿಷಯವೂ ಹೇಳಬೇಕು. ವೀಸಾ ಪ್ರಕಾರ ಪಾಠ ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಆದರೆ ಇಷ್ಟು ಚಿಕ್ಕ ಊರಿನಲ್ಲಿ ಅಷ್ಟೊಂದು ವಿದ್ಯಾರ್ಥಿಗಳಿಗೆ ಕೆಲಸ ಎಲ್ಲಿಂದ ಬರಬೇಕು? ಸಿಕ್ಕವರಿಗೆ ಸಿಕ್ಕಿತು. ನನಗೆ ಮಾರ್ಚ್ ತನಕ ಸಿಗಲಿಲ್ಲ. ಪಾರ್ಟ್‌ಟೈಮ್ ಸಂಬಳ ನಂಬಿಕೊಂಡು ಸಾಲದ ಲೆಕ್ಕ ಹಾಕಬೇಡಿ. ಸಂದರ್ಶನಕ್ಕೆ ಕರೆದರೆ ಎಡಿನ್‌ಬರೋಗೋ ಇನ್ನೆಲ್ಲಿಗೋ ಹೋಗಬೇಕು, ಅದಕ್ಕೂ ಖರ್ಚು ತೆಗೆದಿಡಿ.

ಓದು ಒಳ್ಳೆಯದು. ಅದರಲ್ಲಿ ಎರಡು ಮಾತಿಲ್ಲ.

ಲೆಕ್ಕದ ಹುಡುಗ

ಮೂವರಿಗೂ ತುಂಬಾ ಥ್ಯಾಂಕ್ಸ್. ಗ್ರೆಗರಿ ಗೆರೆಯ ವಿಷಯ ಮೇಷ್ಟ್ರಿಗೆ ಓದಿ ಹೇಳಿದೆ, ಅವರಿಗೂ ಗೊತ್ತಿರಲಿಲ್ಲ. ಎರಡು ಸಲ ಓದಿಸಿದರು.

ಕಡಲ ಗಾಳಿ ಅಕ್ಕ, ಇನ್ನು ಸ್ವಲ್ಪ ಕೇಳಬಹುದಾ? ಚಳಿಗಾಲ ಹೇಗೆ ಕಳೆದಿರಿ? ನಿಮಗೂ ಆಮೇಲೆ ಹೇಳಿದವರ ಹಾಗೆ ಒಂಟಿತನ ಆಯಿತಾ? ನಾನು ಸಸ್ಯಾಹಾರಿ, ಅಡುಗೆ ಮಾಡಿಕೊಳ್ಳುತ್ತೇನೆ. ಸಾಮಾನು ಸಿಗುತ್ತದಾ? ಆ ಮೇ 1ರ ಸಮುದ್ರ ಸ್ನಾನ ನೀವು ಮಾಡಿದಿರಾ?

ಕಡಲ ಗಾಳಿ

ಕೇಳಿ ತಮ್ಮಾ, ಸಂಕೋಚ ಬೇಡ.

ಒಂಟಿತನ ಆಯಿತು. ಮೇಲೆ ಬರೆದವರು ಹೇಳಿದ್ದು ಸುಳ್ಳಲ್ಲ. ಡಿಸೆಂಬರಿನಲ್ಲಿ ಸೂರ್ಯ ಎಂಟೂಮುಕ್ಕಾಲಿಗೆ ಹುಟ್ಟಿ ಮೂರೂವರೆಗೆ ಮುಳುಗುತ್ತಾನೆ. ಹುಟ್ಟಿದರೂ ಮೇಲೆ ಬರುವುದಿಲ್ಲ, ಮನೆಗಳ ಹೆಗಲ ಮೇಲೇ ಹರಿದು ಹೋಗುತ್ತಾನೆ. ಎರಡು ವಾರ ನಾನು ಬೆಳಿಗ್ಗೆ ಕತ್ತಲಲ್ಲಿ ಹೋಗಿ, ಕತ್ತಲಲ್ಲಿ ಬಂದು, ಬಿಸಿಲನ್ನೇ ನೋಡಲಿಲ್ಲ. ಕಾರಣ ಇಲ್ಲದೆ ಅಳು ಬರುತ್ತಿತ್ತು. ವಿಭಾಗದಲ್ಲಿ ಜೊತೆಗೆ ಓದುತ್ತಿದ್ದ ಒಬ್ಬಳು ಅದನ್ನು ಗಮನಿಸಿ ಒಂದು ಕಟ್ಟುಪಾಡು ಮಾಡಿದಳು. ಮಧ್ಯಾಹ್ನ ಹನ್ನೆರಡಕ್ಕೆ ಪೆನ್ನು ಕೆಳಗಿಟ್ಟು ಇಬ್ಬರೂ ವೆಸ್ಟ್ ಸ್ಯಾಂಡ್ಸ್ ಕಡಲ ದಂಡೆಗೆ ಹೋಗಬೇಕು. ಗಾಳಿ ಇರಲಿ, ಹನಿ ಇರಲಿ. ನಾರ್ತ್ ಹಾಖ್‌ನಿಂದ ಅದು ಹತ್ತಿರ. ಮಾತಾಡಲೇಬೇಕು ಅಂತಿಲ್ಲ, ನಡೆದರೆ ಸಾಕು. ಜನವರಿ ಹೊತ್ತಿಗೆ ಮನಸ್ಸು ಹಗುರಾಯಿತು. ನೀವೂ ಯಾರನ್ನಾದರೂ ಹೀಗೆ ಜೊತೆ ಮಾಡಿಕೊಳ್ಳಿ, ಅಕ್ಟೋಬರಿನಲ್ಲೇ. ಆಮೇಲೆ ಮಾಡಿಕೊಳ್ಳೋಣ ಅಂದರೆ ಅಷ್ಟರಲ್ಲಿ ಕತ್ತಲೆ ಬಂದಿರುತ್ತದೆ. ಅಷ್ಟಕ್ಕೂ ಹಗುರಾಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ವೀಸಾ ಜೊತೆ ಆರೋಗ್ಯದ ಶುಲ್ಕ ಕಟ್ಟಿರುತ್ತೀರಿ, ನೋಡಿಸಿಕೊಳ್ಳಲು ಮತ್ತೆ ದುಡ್ಡಿಲ್ಲ. ಸ್ಕಾಟ್ಲೆಂಡಿನಲ್ಲಿ ಡಾಕ್ಟರ್ ಬರೆದುಕೊಟ್ಟ ಔಷಧಿಗೂ ದುಡ್ಡಿಲ್ಲ. ಅಲ್ಲಿಗೆ ಹೋದ ಮೊದಲ ವಾರವೇ ಡಾಕ್ಟರ ಹತ್ತಿರ ಹೆಸರು ನೋಂದಾಯಿಸಿ.

ಭಾನುವಾರದ ಒಂದು ಗುಟ್ಟು ಹೇಳುತ್ತೇನೆ. ಗಾಲ್ಫಿನ ಓಲ್ಡ್ ಕೋರ್ಸ್ ಗೊತ್ತಲ್ಲ, ಜಗತ್ತಿನ ಜನ ಅಲ್ಲಿ ಒಂದು ಸಲ ಆಡಲು ಕಾಯುತ್ತಾರೆ. ಮಾಮೂಲಿ ಭಾನುವಾರ ಅಲ್ಲಿ ಆಟ ಇಲ್ಲ. ಊರಿನವರು ನಾಯಿ ಕರೆದುಕೊಂಡು, ಮಕ್ಕಳನ್ನು ಕರೆದುಕೊಂಡು ಆ ಹುಲ್ಲಿನ ಮೇಲೆ ತಿರುಗಾಡುತ್ತಾರೆ. ಕಾಸು ಕೊಡಬೇಕಿಲ್ಲ. ನಾನು ಅಮ್ಮನಿಗೆ ವಾರದ ಫೋನು ಮಾಡುತ್ತಿದ್ದದ್ದು ಅಲ್ಲಿಂದಲೇ.

ಅಡುಗೆ. ಹಾಲು, ಮೊಸರು, ತರಕಾರಿ, ಅಕ್ಕಿ ಎಲ್ಲ ಊರಲ್ಲೇ ಸಿಗುತ್ತದೆ. ಮಾರ್ಕೆಟ್ ಸ್ಟ್ರೀಟಿನ ಟೆಸ್ಕೋ ಹತ್ತಿರ, ಊರಂಚಿನ ಆಲ್ಡಿ ಅಗ್ಗ. ತೊಗರಿಬೇಳೆ, ಕರಿಬೇವು, ಹುಣಸೆಹಣ್ಣಿಗೆ ಡಂಡಿಯ ಏಷ್ಯನ್ ಅಂಗಡಿಗೆ ಹೋಗುತ್ತಿದ್ದೆ, ತಿಂಗಳಿಗೊಮ್ಮೆ. ಸಾರಿನ ಪುಡಿ ಮನೆಯಿಂದ ಒಯ್ಯಿರಿ. ಒಗ್ಗರಣೆ ಹಾಕುವಾಗ ಬಾಗಿಲು ಮುಚ್ಚಿ, ಕಿಟಕಿ ತೆಗೆದು, ಫ್ಯಾನು ಹಾಕಿ. ನನ್ನ ಒಣಮೆಣಸಿನಕಾಯಿ ಹೊಗೆಗೆ ಒಂದು ರಾತ್ರಿ ಬೆಂಕಿಯ ಗಂಟೆ ಹೊಡೆದು ಕಟ್ಟಡದವರೆಲ್ಲ ಮಲಗಿದ ಬಟ್ಟೆಯಲ್ಲೇ ಹೊರಗೆ ಬಂದು ನಿಲ್ಲಬೇಕಾಯಿತು. ಒಬ್ಬೊಬ್ಬರ ಹತ್ತಿರವೂ ಹೋಗಿ ಕ್ಷಮೆ ಕೇಳಿದೆ. ಆ ರಾತ್ರಿಯಿಂದಲೇ ಇಬ್ಬರ ಪರಿಚಯವಾಗಿ, ಮುಂದಿನ ವಾರ ಅವರಿಗೆ ಅದೇ ಸಾರು ಮಾಡಿ ಬಡಿಸಿದೆ.

ಮೇ ಸ್ನಾನದ ಕಥೆ ಕೇಳಿದಿರಿ. ಅದಕ್ಕೆ ಹಿಂದಿನ ರಾತ್ರಿಯಿಂದ ಹೇಳಬೇಕು. ಏಪ್ರಿಲ್ 30ರ ರಾತ್ರಿ ಪಂಜು ಹಿಡಿದು, ಹಾಡುತ್ತ ಪಿಯರ್ ಮೇಲೆ ನಡೆಯುತ್ತಾರೆ. ಪಿಯರ್ ಅಂದರೆ ಸಮುದ್ರದೊಳಕ್ಕೆ ಚಾಚಿದ ಕಲ್ಲಿನ ಕಟ್ಟೆ. 1800ರ ಜನವರಿಯಲ್ಲಿ ಒಂದು ಹಡಗು ದಡದ ಹತ್ತಿರ ಒಡೆದು ಸಿಕ್ಕಿಕೊಂಡಾಗ ಜಾನ್ ಹನಿ ಅನ್ನೋ ವಿದ್ಯಾರ್ಥಿ ಅಲೆಗಳಲ್ಲಿ ಈಜಿ ಹೋಗಿ ಅದರಲ್ಲಿದ್ದವರನ್ನು ಕಾಪಾಡಿದ. ಆ ನೆನಪಿಗೆ ಈ ಪಂಜು. ನಾನು ಗುಂಪಿನ ಕೊನೆಯಲ್ಲಿದ್ದೆ. ಮುಂದಿನವರ ಪಂಜಿನ ಕಿಡಿ ಗಾಳಿಗೆ ಹಾರಿ ನೀರಿಗೆ ಬೀಳುತ್ತಿತ್ತು. ಯಾರ ಹೆಸರೂ ಗೊತ್ತಿಲ್ಲದ ಜನರ ಜೊತೆ ನಡೆದೆ, ಆದರೆ ಒಂಟಿ ಅನ್ನಿಸಲಿಲ್ಲ.

ಬೆಳಿಗ್ಗೆ ಐದರ ಹೊತ್ತಿಗೆ ಈಸ್ಟ್ ಸ್ಯಾಂಡ್ಸ್‌ಗೆ ಹೋದೆವು. ನಾನು ಪಿ.ಎಚ್. ತುಳಿದಿರಲಿಲ್ಲ, ಆದರೂ ಗೆಳತಿಯ ಜೊತೆಗೆ ಇಳಿದೆ. ನೀರು ಮಂಡಿಗೆ ಬಂದಾಗ ಕಾಲು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಸೊಂಟಕ್ಕೆ ಬಂದಾಗ ಉಸಿರು ನಿಂತಿತು. ಒಂದು ಸಲ ಮುಳುಗಿ ಎದ್ದೆ, ಕಣ್ಣು ಬಿಟ್ಟಾಗ ಸೂರ್ಯ ನೀರಿನ ಅಂಚಿಗೆ ಬಂದಿದ್ದ. ಗೆಳತಿ ಟವೆಲ್ ಹೊದಿಸಿದಳು, ಇಬ್ಬರ ಹಲ್ಲೂ ಕಟಕಟ ಅನ್ನುತ್ತಿತ್ತು. ನಿಮಗೆ ಹೃದಯದ ತೊಂದರೆ, ಉಬ್ಬಸ ಏನಾದರೂ ಇದ್ದರೆ ಇಳಿಯಬೇಡಿ. ದಡದಲ್ಲಿ ಟವೆಲ್ ಹಿಡಿದು ನಿಲ್ಲುವವರೂ ಬೇಕು.

ದುಡ್ಡಿನ ಬಗ್ಗೆ ಮೇಲಿನ ಇಬ್ಬರು ಹೇಳಿದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಾನು ಹಂಚಿಕೊಂಡ ಮನೆಯ ಕೋಣೆಗೆ ತಿಂಗಳಿಗೆ 720 ಪೌಂಡ್ ಕೊಡುತ್ತಿದ್ದೆ, ಅದು ನನ್ನ ಖರ್ಚಿನ ಅರ್ಧಕ್ಕಿಂತ ಜಾಸ್ತಿ. ಹಾಸ್ಟೆಲ್ ಸಿಗದಿದ್ದರೆ, ಡಂಡಿಯಲ್ಲೂ ಕೋಣೆ ಗಟ್ಟಿಯಾಗದಿದ್ದರೆ, ಆಗ ಆ ದೊಡ್ಡ ನಗರಕ್ಕೇ ಹೋಗಿ. ಮಲಗಲು ಜಾಗ ಇಲ್ಲದೆ ಯಾವ ಗಣಿತವೂ ತಲೆಗೆ ಹೋಗುವುದಿಲ್ಲ. ಅದಕ್ಕೇ ಈ ಮೂರು ವಾರದಲ್ಲಿ ಮೊದಲು ಕೋಣೆಯ ಕೆಲಸ ಮಾಡಿ, ಆಮೇಲೆ ಮುಂಗಡ.

ಹೋದರೆ, ಸೌತ್ ಸ್ಟ್ರೀಟಿನ ಆ ಗೆರೆಯ ಫೋಟೋ ತೆಗೆದು ನಿಮ್ಮ ಮೇಷ್ಟ್ರಿಗೆ ಕಳಿಸಿ. ಇಲ್ಲೂ ಒಂದು ಹಾಕಿ. ನಾನು ತೆಗೆದದ್ದು ಹಳೇ ಫೋನಿನ ಜೊತೆ ಹೋಯಿತು.